ಥೀಸಿಸ್ ಪಿಡಿಎಫ್‌ನಲ್ಲಿ, ಅಜ್ಜಿ ವಿಜಯನಗರದಲ್ಲಿ

ಪರ್ಪಲ್ ಲೈನ್‌ನಲ್ಲಿ ಕೆಂಗೇರಿ ಕಡೆ ಹೋಗುವಾಗ ಜ್ಞಾನಭಾರತಿ ಸ್ಟೇಷನ್ ಬರತ್ತೆ. ನಮ್ಮಲ್ಲಿ ಅರ್ಧ ಜನ ದಿನಾ ಅದನ್ನ ದಾಟ್ತೀವಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕನ್ನಡ, ಇತಿಹಾಸ ಅಂತ ವರ್ಷಗಟ್ಟಲೆ ಸಂಶೋಧನೆ ಮಾಡೋರಿದ್ದಾರೆ ಅನ್ನೋದು ನಮ್ಮ ತಲೆಗೇ ಬಂದಿರಲಿಲ್ಲ.

ಬಂದದ್ದು ನಮ್ಮ ಗೆಳತಿಯೊಬ್ಬಳ ಅಕ್ಕನಿಂದ. ಅವರು ಬೇರೆ ಕಡೆ ಪಿಎಚ್‌ಡಿ ಮುಗಿಸಿದವರು. ವಿಷಯ: ರಾಜಾಜಿನಗರದ ಸಣ್ಣ ಫ್ಯಾಕ್ಟರಿಗಳಲ್ಲಿ ದುಡಿದ ಹೆಂಗಸರು. ಒರಾಯನ್ ಮಾಲ್ ಇರೋ ಕಡೆ ಮೊದಲು ಕಿರ್ಲೋಸ್ಕರ್ ಕಾರ್ಖಾನೆ ಇತ್ತು ಅಂತ ನಮಗೆ ಗೊತ್ತಾಗಿದ್ದೇ ಅವರಿಂದ. ಥೀಸಿಸ್ ಶೋಧಗಂಗಾದಲ್ಲಿದೆ, ಯಾರು ಬೇಕಾದರೂ ಓದಬಹುದು. ಆದರೆ ಅದು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಆಗಿದೆ. ಒಂದು ಸಾಲು ಕಾಪಿ ಮಾಡಿ ಪೇಸ್ಟ್ ಮಾಡಿದರೆ ಕನ್ನಡವೇ ಬರಲ್ಲ, ಬರೀ ಚಿತ್ರವಿಚಿತ್ರ ಚಿಹ್ನೆಗಳು. ಗೂಗಲ್‌ಗೆ ಸಿಗಲ್ಲ ಅಂದರೆ ನಮ್ಮಂಥವರ ಪಾಲಿಗೆ ಇಲ್ಲ ಅಂತಲೇ ಅರ್ಥ.

ಇದು ನಮ್ಮ ಕೆಲಸ ಅನ್ನಿಸಿತು. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗತ್ತೆ. ಸ್ಕ್ಯಾನ್ ಆದ ಪುಟಗಳಿಗೆ ಟೆಸರಾಕ್ಟ್ ಇದೆ, ಒತ್ತಕ್ಷರದಲ್ಲಿ ಎಡವತ್ತೆ, ಕೂತು ತಿದ್ದಬೇಕು. (ಇಂಗ್ಲಿಷ್ ಮೀಡಿಯಂನ ನಾವು ತಿದ್ದೋದು ಎಷ್ಟು ನಿಧಾನ ಅಂತ ಕೇಳಬೇಡಿ.) ಹೊಸದೇನಲ್ಲ ಇದು. ವಚನ ಸಂಚಯದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನ ಒಂದೊಂದು ಪದ ಹಿಡಿದು ಹುಡುಕಬಹುದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಆಗಿ 2019ರಲ್ಲಿ ಎಲ್ಲರ ಫೋನಿಗೂ ಬಂತು. ಎರಡರಲ್ಲೂ ಪಂಡಿತರ ಪಕ್ಕದಲ್ಲಿ ಕೋಡ್ ಬರೆಯೋರು ಕೂತಿದ್ದರು.

ನಾವು ಮೊದಲು "ಆಪ್ ಮಾಡೋಣ" ಅಂದ್ವಿ. ಅಕ್ಕ ನಕ್ಕರು. "ಆ ಹೆಂಗಸರಲ್ಲಿ ಎಷ್ಟು ಜನ ಆಪ್ ಇಳಿಸ್ಕೋತಾರೆ? ಹೆಸರು ಹೇಳಬೇಡಿ ಅಂತ ಕೇಳ್ಕೊಂಡೋರೂ ಇದ್ದಾರೆ, ಅವರ ದನಿ ಇಂಟರ್ನೆಟ್ಟಿಗೆ ಹಾಕ್ತೀರಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಂಶೋಧನೆಯನ್ನ ಜನರಿಗೆ ಮುಟ್ಟಿಸೋದು ಅಂದ್ರೆ ಬರೀ ಅಪ್‌ಲೋಡ್ ಅಲ್ಲ. ಎಲ್ಲಾ ಸಂಶೋಧನೆಯೂ ನಾಳೆಯೇ ಉಪಯೋಗಕ್ಕೆ ಬರಬೇಕು ಅಂತಲೂ ನಾವು ಹೇಳ್ತಿಲ್ಲ. ಯಾರ ಬಗ್ಗೆ ಬರೆದಿದೆಯೋ ಅವರಿಗಾದರೂ ಅದು ಕೇಳಿಸಬೇಕು, ಅಷ್ಟೇ.

ಕಾಲೇಜಿಗೆ ನಮ್ಮದೊಂದು ಕೋರಿಕೆ. ಡಿಗ್ರಿ ಮುಗಿಯೋದ್ರೊಳಗೆ 100 ಆಕ್ಟಿವಿಟಿ ಪಾಯಿಂಟ್ ಮಾಡಲೇಬೇಕಲ್ಲ, ಗಿಡ ನೆಟ್ಟು ಫೋಟೋ ತೆಗೆದು ಎಷ್ಟು ಸಲ ಅಂತ ಸಲ್ಲಿಸೋದು? ಒಬ್ಬ ಸಂಶೋಧಕರ ಜೊತೆ ಒಂದು ಸೆಮಿಸ್ಟರ್ ಕೂತು ಕೆಲಸ ಮಾಡಿದರೆ ಅದಕ್ಕೂ ಪಾಯಿಂಟ್ ಕೊಡಿ. ಮಿನಿ ಪ್ರಾಜೆಕ್ಟಿಗೂ ಲೆಕ್ಕಕ್ಕೆ ತಗೊಳ್ಳಿ, ಮುಖ ನೋಡಿ ಅಟೆಂಡೆನ್ಸ್ ಹಾಕೋ ಪ್ರಾಜೆಕ್ಟ್ ಪ್ರತಿ ಬ್ಯಾಚೂ ಮಾಡಿದೆ.

ಇಷ್ಟರಲ್ಲಿ ಒಂದು ಅಧ್ಯಾಯ ಯೂನಿಕೋಡ್ ಆಯ್ತು. ನಮ್ಮವನೊಬ್ಬನ ಅಜ್ಜಿ ವಿಜಯನಗರದಲ್ಲಿದ್ದಾರೆ, ಅಂಥದೇ ಫ್ಯಾಕ್ಟರಿಯಲ್ಲಿ ದುಡಿದವರು. ಅವರ ಮುಂದೆ ಕೂತು ತಡವರಿಸಿಕೊಂಡು ಓದಿದ್ವಿ. ಸುಮ್ಮನೆ ಕೇಳ್ತಿದ್ದೋರು ಒಂದು ಕಡೆ ನಿಲ್ಲಿಸಿದರು: "ಸೈರನ್ ಆರೂವರೆಗಲ್ಲ ಕಣ್ರೋ, ಆರಕ್ಕೇ ಆಗ್ತಿತ್ತು. ಬರ್ಕೊಳಿ."

ಅಕ್ಕನಿಗೆ ಆಗಲೇ ಫೋನ್ ಮಾಡಿದ್ವಿ.