ಕುರಕುಂಟಾದ ಕವಲುಹಳಿ

ವಡಗೇರಾ ಪರಿಸರದ ಜನರಿಗೆ ರೈಲಿನ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಭೀಮೆಯ ಆಚೆ ಯಾದಗಿರಿಯಲ್ಲಿ ನೂರೈವತ್ತು ವರ್ಷಗಳಿಂದ ಗಾಡಿಗಳು ಓಡುತ್ತಿವೆ. ಈಚೆಯ ವಡಗೇರಾ, ಶಹಾಪುರ, ಸುರಪುರಗಳಿಗೆ ಹಳಿಯೇ ಇಲ್ಲ. ಹೊಸ ಮಾರ್ಗಕ್ಕಾಗಿ ಮನವಿಯ ಮೇಲೆ ಮನವಿ ಸಲ್ಲಿಸುತ್ತ ಬಂದಿರುವ ಸೀಮೆಯು ನೆರೆಯಲ್ಲಿ ಹಾಕಿದ್ದ ಹಳಿ ವ್ಯರ್ಥವಾಗುವುದನ್ನು ಕಂಡು ಮೌನವಾಗಿರುವುದು ವಿಚಿತ್ರವೇ ಸರಿ.

ಸೇಡಂ ತಾಲ್ಲೂಕಿನ ಕುರಕುಂಟಾದ ಮಾತಿದು. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ರೈಲುಮಾರ್ಗದ ಮಗ್ಗುಲಲ್ಲೇ ಇರುವ ಈ ಊರಿನಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ನಿಗಮವು 1972ರಲ್ಲಿ ಕಾರ್ಖಾನೆಯನ್ನು ಆರಂಭಿಸಿತು. ವರ್ಷಕ್ಕೆ ಸುಮಾರು ಎರಡು ಲಕ್ಷ ಟನ್ ಅದರ ಸಾಮರ್ಥ್ಯ. 1998ರಲ್ಲಿ ಉತ್ಪಾದನೆ ನಿಂತಿತು. 2006ರ ಪುನರ್ವ್ಯವಸ್ಥೆಯ ಯೋಜನೆಯಲ್ಲಿ ನಿಗಮದ ಮೂರು ಘಟಕಗಳನ್ನು ಉಳಿಸಿಕೊಂಡು, ಕುರಕುಂಟಾ ಸೇರಿ ಏಳನ್ನು ಮುಚ್ಚಿ ಮಾರಬೇಕೆಂದು ನಿರ್ಣಯವಾಯಿತು. ಉಳಿದ ಮೂರರಲ್ಲಿ ತಾಂಡೂರು ಒಂದು. ಅದಿರುವುದೂ ಇದೇ ಮಾರ್ಗದಲ್ಲಿ. ಸೇಡಂ, ಮಳಖೇಡಗಳ ಖಾಸಗಿ ಕಾರ್ಖಾನೆಗಳೂ ಇದೇ ಹಳಿಯನ್ನು ನಂಬಿ ನಡೆದಿವೆ. ಆದ್ದರಿಂದ ಕುರಕುಂಟಾದಲ್ಲಿ ಸೋತದ್ದು ರೈಲಲ್ಲ.

ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕಾಗುವುದರಿಂದ ಕಾರ್ಖಾನೆಯು ಗಣಿಯ ಬಳಿಗೇ ಹೋಗುತ್ತದೆ. ಆದರೆ ಕಲ್ಲಿದ್ದಲು ದೂರದಿಂದ ಬರಬೇಕು, ಸಿಮೆಂಟು ದೂರಕ್ಕೆ ಹೋಗಬೇಕು. ಅದಕ್ಕಾಗಿಯೇ ನಿಲ್ದಾಣದಿಂದ ಕಾರ್ಖಾನೆಯ ಅಂಗಳಕ್ಕೆ ಕವಲುಹಳಿ, ಅಂದರೆ ಸೈಡಿಂಗು. ಒಂದು ಪೂರ್ಣ ಸರಕು ಗಾಡಿ ಎರಡೂವರೆ ಸಾವಿರ ಟನ್‌ನಷ್ಟು ಚೀಲಗಳನ್ನು ಒಮ್ಮೆಗೇ ಹೊರಬಲ್ಲದು. ಇಪ್ಪತ್ತೈದು ಟನ್ನಿನ ಲಾರಿಗಳಾದರೆ ನೂರು ಬೇಕು. ಆ ನೂರು ಲಾರಿಗಳು ಹಳ್ಳಿಗಳ ನಡುವಿನ ರಸ್ತೆಯಲ್ಲಿ ಸಾಗುವಾಗ ಏಳುವ ಧೂಳೂ ಬೀಳುವ ಗುಂಡಿಗಳೂ ಯಾವ ಲೆಕ್ಕಪತ್ರದಲ್ಲೂ ನಮೂದಾಗುವುದಿಲ್ಲ.

ಕಾರ್ಖಾನೆಯೇ ಇಲ್ಲದ ಮೇಲೆ ಹಳಿ ಏತಕ್ಕೆ ಎಂಬ ಪ್ರಶ್ನೆ ಸಹಜ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ದಶಕಗಳ ಕಾಲ ಗಾಡಿ ಕಾಣದ ಕವಲನ್ನು ಹಾಗೆಯೇ ಬಳಸಲು ಬಾರದು. ಹಳಿ, ಅಡಿಹಲಗೆ, ಜಲ್ಲಿಗಳನ್ನು ಹೊಸದಾಗಿ ಹಾಕಬೇಕು. ಮುಖ್ಯ ಮಾರ್ಗಕ್ಕೆ ಕೂಡುವಲ್ಲಿ ಸಿಗ್ನಲ್ ವ್ಯವಸ್ಥೆ ಬೇಕು. ಮಾರ್ಗ ವಿದ್ಯುದೀಕರಣಗೊಂಡಿರುವುದರಿಂದ ತಂತಿಯ ಕೆಲಸವೂ ಸೇರುತ್ತದೆ. ಇಷ್ಟು ಖರ್ಚಿಗೆ ತಕ್ಕ ಸರಕನ್ನು ಯಾರಾದರೂ ಒದಗಿಸಬೇಕು. ತೊಗರಿ, ಹಾಸುಗಲ್ಲುಗಳಿಂದ ಒಂದು ಗಾಡಿಯನ್ನು ಪದೇ ಪದೇ ತುಂಬಿಸುವುದು ಕಷ್ಟ. ಬರುವ ಗೊಬ್ಬರವನ್ನೂ ಸುತ್ತಲಿನ ಕಾರ್ಖಾನೆಗಳ ಸರಕನ್ನೂ ಕೂಡಿಸಿದರೆ ಮಾತ್ರ ಲೆಕ್ಕ ಹೊಂದೀತು. ಹಳೆಯ ವೈಭವದ ನೆನಪಿಗಾಗಿ ಹಳಿ ಹಾಕಬೇಕೆನ್ನುವವರ ವಾದ ನಿಲ್ಲುವುದಿಲ್ಲ.

ಆದರೆ ಹಳಿಯ ಪ್ರಶ್ನೆ ಬೇರೆ, ಹಳಿಯ ಕೆಳಗಿನ ನೆಲದ ಪ್ರಶ್ನೆ ಬೇರೆ. ಕಬ್ಬಿಣವನ್ನು ಮತ್ತೆ ಕೊಳ್ಳಬಹುದು. ನಿಲ್ದಾಣದಿಂದ ಅಂಗಳದವರೆಗೆ ತುಂಡಾಗದೆ ಹರಿದ ಆ ಪಟ್ಟಿಯನ್ನು ನಾಲ್ಕು ಜನರಿಗೆ ನಿವೇಶನವಾಗಿ ಹಂಚಿದರೆ, ಮುಂದೆ ಕೂಡಿಸುವುದು ಯಾರಿಂದಲೂ ಆಗದು. ಮತ್ತೆ ಭೂಸ್ವಾಧೀನ, ಮತ್ತೆ ಪರಿಹಾರದ ವ್ಯಾಜ್ಯ, ಮತ್ತೆ ರೈತನ ಹೊಲ. ಕಡೇಚೂರಿನ ಕೈಗಾರಿಕಾ ಪ್ರದೇಶಕ್ಕೆ ಭೂಮಿ ಹೋದುದನ್ನು ಕಂಡ ಯಾದಗಿರಿ ಜಿಲ್ಲೆಯವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು.

ರೈಲ್ವೆ ಇಲಾಖೆ 2021ರ ಡಿಸೆಂಬರಿನಲ್ಲಿ ಪ್ರಕಟಿಸಿದ ಗತಿಶಕ್ತಿ ಸರಕು ನಿಲ್ದಾಣಗಳ ನೀತಿಯ ಪ್ರಕಾರ ಖಾಸಗಿಯವರೂ ತಮ್ಮ ನೆಲದಲ್ಲಿ ಸರಕು ನಿಲ್ದಾಣ ಕಟ್ಟಬಹುದು. ಅದನ್ನು ಮುಖ್ಯ ಮಾರ್ಗಕ್ಕೆ ಜೋಡಿಸಲು ಬೇಕಾಗುವ ರೈಲ್ವೆ ಭೂಮಿಗೆ ಶುಲ್ಕವಿಲ್ಲ. ಕುರಕುಂಟಾದ ಆಸ್ತಿಯನ್ನು ವಿಲೇವಾರಿ ಮಾಡುವ ಅಧಿಕಾರಿಗಳು ಕವಲಿನ ಪಟ್ಟಿಯನ್ನು ಅಖಂಡವಾಗಿ ಕಾದಿರಿಸಿ, ಅದನ್ನು ಸರಕು ಸಾಗಣೆಗೆ ಮಾತ್ರ ಬಳಸಬೇಕೆಂಬ ಷರತ್ತನ್ನು ಕ್ರಯಪತ್ರದಲ್ಲಿ ಬರೆಯಿಸಬೇಕು. ಸೇಡಂ, ಯಾದಗಿರಿಗಳ ಜನಪ್ರತಿನಿಧಿಗಳು ಪಕ್ಷಭೇದವೆಣಿಸದೆ ಕೇಳಬೇಕಾದುದು ಮೊದಲು ಈ ಒಂದು ಷರತ್ತನ್ನು.