ಗೋಬಿಯಿಂದ ನೀಲಗಿರಿಗೆ ಹೋದ ನಮ್ಮ ಮತ

ತಿಗನಾರೆಯ ಏಳನೆಯ ತರಗತಿಯ ಬಾಲಕನೊಬ್ಬ ತನ್ನ ತಾತನನ್ನು ಕೇಳಿದ: "ತಾತ, ನಮ್ಮದು ಈರೋಡು ಜಿಲ್ಲೆ. ಎಂ.ಪಿ. ಮಾತ್ರ ನೀಲಗಿರಿಯವರು, ಅದು ಹೇಗೆ?" ತಾತ ಸ್ವಲ್ಪ ಯೋಚಿಸಿ, "ನಾನು ಓಟು ಹಾಕಿದ್ದು ಗೋಬಿಗೆ ಕಣಪ್ಪ" ಎಂದರು. ಇಬ್ಬರ ಮಾತೂ ಸರಿಯೇ.

1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಮುಂದೆ ದೀರ್ಘಕಾಲ ನಮ್ಮ ಮತ ಘಟ್ಟದ ಕೆಳಗಿನ ಗೋಬಿಚೆಟ್ಟಿಪಾಳ್ಯ ಲೋಕಸಭಾ ಕ್ಷೇತ್ರಕ್ಕೆ ಸಲ್ಲುತ್ತಿತ್ತು. 2004ರಲ್ಲಿ ಇ.ವಿ.ಕೆ.ಎಸ್. ಇಳಂಗೋವನ್ ಗೆದ್ದದ್ದೇ ಆ ಕ್ಷೇತ್ರದ ಕೊನೆಯ ಚುನಾವಣೆ. 2008ರ ಪುನರ್ವಿಂಗಡಣೆಯಲ್ಲಿ ಗೋಬಿ ಲೋಕಸಭಾ ಕ್ಷೇತ್ರವೂ ಸತ್ಯಮಂಗಲ ವಿಧಾನಸಭಾ ಕ್ಷೇತ್ರವೂ ಇಲ್ಲವಾದವು. ನಾವಿರುವ ಭವಾನಿಸಾಗರವು ಉದಕಮಂಡಲ, ಕೂನೂರು, ಗೂಡಲೂರು, ಮೇಟುಪಾಳ್ಯ, ಅವಿನಾಶಿಗಳೊಡನೆ ನೀಲಗಿರಿಗೆ ಸೇರಿತು.

ಭೂಪಟದಲ್ಲಿ ಇದು ಸುಲಭ. ಆದರೆ ತಾಳವಾಡಿಯಿಂದ ಊಟಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲ, ಮೇಟುಪಾಳ್ಯದ ಮೂಲಕ ಮತ್ತೆ ಬೆಟ್ಟ ಹತ್ತಬೇಕು. ಇಲ್ಲವೇ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರವೆಂದು ಕರ್ನಾಟಕವನ್ನು ಹಾದು ಹೋಗಬೇಕು. ಸ್ವಂತ ಕ್ಷೇತ್ರದ ಮುಖ್ಯ ಪಟ್ಟಣಕ್ಕೆ ಪರರಾಜ್ಯದ ದಾರಿ!

ಇನ್ನೊಂದು ವಿಚಿತ್ರವೂ ಉಂಟು. ಕನ್ನಡಕ್ಕೆ ಒಡಹುಟ್ಟಿದ ನುಡಿಯ ಬಡಗ ಸಮುದಾಯದಿಂದ 1962ರಲ್ಲಿ ಅಕ್ಕಮ್ಮಾದೇವಿ, 1967ರಲ್ಲಿ ನಂಜೇಗೌಡರು, 1971ರಲ್ಲಿ ಮಾದೇಗೌಡರು ನೀಲಗಿರಿಯಿಂದ ಸಂಸತ್ತಿಗೆ ಹೋದರು. ಆಗ ನಾವು ಅಲ್ಲಿರಲಿಲ್ಲ. ನಾವು ಸೇರಿದ 2009ರ ಚುನಾವಣೆಯಿಂದ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲು. ಇದಕ್ಕೆ ನನ್ನ ತಕರಾರಿಲ್ಲ. ನಮ್ಮ ಶಾಲೆಗಳಲ್ಲಿ ಓದಿದ ಪರಿಶಿಷ್ಟ ಜಾತಿಯ ಮಗಳೊಬ್ಬಳು ಇಲ್ಲಿ ನಿಲ್ಲಬಾರದೇಕೆ?

ಸಂಖ್ಯೆಯ ಬಲ ಮಾತ್ರ ನಮಗಿಲ್ಲ. 2024ರಲ್ಲಿ ಎ. ರಾಜಾ ಅವರ ಗೆಲುವಿನ ಅಂತರವೇ 2,40,585. ಬಿಜೆಪಿ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿದ್ದ 2014ರಲ್ಲಿ ಇದೇ ಕ್ಷೇತ್ರದಲ್ಲಿ 46,559 ಮಂದಿ 'ನೋಟಾ' ಒತ್ತಿದ್ದರು; ಆ ವರ್ಷ ದೇಶದಲ್ಲಿಯೇ ಅದು ಅತ್ಯಧಿಕ. ಇಂಥ ಕಡಲಿನಲ್ಲಿ ಬೆಟ್ಟದ ಕೆಲವು ಮತಗಟ್ಟೆಗಳ ದನಿ ಯಾರಿಗೆ ಕೇಳಿಸೀತು? ವಿಧಾನಸಭಾ ಕ್ಷೇತ್ರದಲ್ಲಿ ಅದೇ ಮತಗಳ ತೂಕ ಬೇರೆ.

ಪಾಲಕರು ಗಮನಿಸಬೇಕಾದದ್ದು ಇಲ್ಲಿಯೇ. ತಮಿಳನ್ನು ಕಡ್ಡಾಯ ವಿಷಯವನ್ನಾಗಿಸಿದ 2006ರ ತಮಿಳು ಕಲಿಕೆ ಕಾಯ್ದೆ ದೆಹಲಿಯದಲ್ಲ, ಚೆನ್ನೈ ವಿಧಾನಸಭೆಯದು. ಒಂದನೆಯ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿ ಏರುತ್ತ ಅದು 2015-16ರಲ್ಲಿ ಹತ್ತನೆಯ ತರಗತಿ ತಲುಪಿತು. ಸರಕಾರಿ ಶಾಲೆಗೆ ಕನ್ನಡ ಶಿಕ್ಷಕರನ್ನು ನೇಮಿಸುವುದೂ ರಾಜ್ಯದ ಕೆಲಸವೇ. ಆದರೂ ಲೋಕಸಭಾ ಅಭ್ಯರ್ಥಿ ಬಂದಾಗ ಹಾರ ಹಾಕಿ ಈ ಬೇಡಿಕೆ ಕೊಡುವವರು, ಭವಾನಿಸಾಗರದ ಅಭ್ಯರ್ಥಿ ಬಂದಾಗ ರಸ್ತೆ, ನೀರು, ಆನೆಕಾಟ ಹೇಳಿ ಸುಮ್ಮನಾಗುತ್ತಾರೆ.

ಹಾಗೆಂದು ಎಂ.ಪಿ. ನಿರುಪಯೋಗಿಯಲ್ಲ. ಸಂವಿಧಾನದ 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರಬೇಕು. ಅದರ ಕುರಿತು ಪ್ರಶ್ನೆ ಕೇಳಿರೆಂದು ಅವರನ್ನು ಒತ್ತಾಯಿಸಬಹುದು. ಮನವಿಯನ್ನು ಕನ್ನಡದಲ್ಲಿಯೇ ಸಲ್ಲಿಸಲು 350ನೆಯ ವಿಧಿಯ ಆಧಾರವಿದೆ. ಜೊತೆಗೆ ತಮಿಳು ಪ್ರತಿಯೊಂದನ್ನು ಲಗತ್ತಿಸಿದರೆ ಓದುವವರಿಗೆ ನೆಪವಿರುವುದಿಲ್ಲ.