ಕೂಸಿನ ನಿದ್ದೆ, ಹಿರಿಯರ ಅಕ್ಕರೆ

ಬೋರಲು ಮಲಗಿಸಿದ ಕೂಸು ಗಾಢವಾಗಿ ನಿದ್ರಿಸುತ್ತದೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಮಾತು ಸುಳ್ಳಲ್ಲ, ಆದರೆ ಅಪಾಯವೂ ಅಲ್ಲಿಯೇ ಇದೆ. ಉಸಿರಿಗೆ ತೊಡಕಾದಾಗ ಎಚ್ಚೆತ್ತು ಕೊಸರಾಡುವುದೇ ಎಳೆಯ ಶಿಶುವಿಗಿರುವ ರಕ್ಷಣೆ. ಬೋರಲು ಮಲಗಿದ ಕೂಸು ಅಷ್ಟು ಸುಲಭವಾಗಿ ಎಚ್ಚರಗೊಳ್ಳುವುದಿಲ್ಲ.

ಈ ತಪ್ಪನ್ನು ಮನೆಯ ಅಜ್ಜಿಯರ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ. ಪಾಶ್ಚಾತ್ಯ ವೈದ್ಯರೇ ದಶಕಗಳ ಕಾಲ ಹಾಗೆ ಮಲಗಿಸಲು ಹೇಳುತ್ತಿದ್ದರು. ಅಮೆರಿಕದ ಹೆಸರಾಂತ ಶಿಶುವೈದ್ಯ ಬೆಂಜಮಿನ್ ಸ್ಪಾಕ್ ಅವರ ಪುಸ್ತಕವೂ ಅದನ್ನೇ ಬೋಧಿಸಿತ್ತು. ಆರೋಗ್ಯವಾಗಿದ್ದ ಶಿಶುಗಳು ನಿದ್ದೆಯಲ್ಲಿಯೇ ತೀರಿಕೊಳ್ಳುವುದಕ್ಕೂ ಈ ರೂಢಿಗೂ ಇರುವ ನಂಟು ತಿಳಿದ ಬಳಿಕ, 1991ರಲ್ಲಿ ಬ್ರಿಟನ್ನಿನಲ್ಲಿಯೂ 1994ರಲ್ಲಿ ಅಮೆರಿಕದಲ್ಲಿಯೂ ಶಿಶುಗಳನ್ನು ಅಂಗಾತ ಮಲಗಿಸಬೇಕೆಂಬ ಪ್ರಚಾರ ನಡೆಯಿತು. ಕೆಲವೇ ವರ್ಷಗಳಲ್ಲಿ ಅಂತಹ ಸಾವುಗಳು ಸುಮಾರು ಅರ್ಧಕ್ಕಿಳಿದವು. ವೈದ್ಯರು ತಮ್ಮ ಮಾತನ್ನು ತಿದ್ದಿಕೊಂಡರು, ನಾವೂ ತಿದ್ದಿಕೊಳ್ಳಬಹುದು.

ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೇರೀತು ಎಂಬ ಭಯ ತಾಯಂದಿರಲ್ಲಿದೆ. ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳದ ಮೇಲಿರುತ್ತದೆ. ಮರಳಿ ಬಂದ ಹಾಲು ಮೇಲಕ್ಕೇರಿ ಅದರೊಳಗೆ ಹೋಗುವುದು ಕಷ್ಟ. ಬೋರಲಾದಾಗಲೇ ಶ್ವಾಸನಾಳ ಕೆಳಗಾಗುತ್ತದೆ. ಎಚ್ಚರವಿದ್ದಾಗ, ಹಿರಿಯರ ಕಣ್ಣೆದುರಿಗೆ, ಕೂಸನ್ನು ಸ್ವಲ್ಪ ಹೊತ್ತು ಬೋರಲು ಆಡಿಸುವುದು ಒಳ್ಳೆಯದೇ.

ನಮ್ಮ ಮನೆಗಳಲ್ಲಿ ಅಕ್ಕರೆಯೇ ಅತಿಯಾಗುವುದುಂಟು. ತಲೆ ದುಂಡಗಾಗಲೆಂದು ಸಾಸಿವೆಯ ದಿಂಬು, ಥಂಡಿಯಾದೀತೆಂದು ಕುಂಚಿಗೆ, ಅದರ ಮೇಲೊಂದು ಕೌದಿ, ಮಂಚದ ಕೆಳಗೆ ಕೆಂಡ, ಮುಚ್ಚಿದ ಕಿಟಕಿ. ಶಿಶುವಿನ ಮೈ ಅತಿಯಾಗಿ ಕಾಯುವುದೂ ಅಪಾಯವೇ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ವಿಷಾನಿಲ ಬಾಣಂತಿಗೂ ಮಾರಕ. ಎರೆದ ಮೇಲೆ ಹಾಕುವ ಧೂಪದ ಹೊಗೆ, ಮನೆಯವರ ಬೀಡಿ ಸಿಗರೇಟಿನ ಹೊಗೆ ಕೂಸಿಗೆ ತಾಗಬಾರದು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ಅದರಲ್ಲಿ ಕೂಸಿನ ಹೊರತು ಬೇರೇನೂ ಬೇಡ. ಸೀರೆಯ ಜೋಲಿಯಲ್ಲಿ ಕೂಸಿನ ಗದ್ದ ಎದೆಗೊತ್ತಿ ಉಸಿರು ಕಟ್ಟಬಹುದು. ಅದರಲ್ಲಿ ನಿದ್ದೆ ಬಂದರೆ ಎತ್ತಿ ಹಾಸಿಗೆಗೆ ಮಲಗಿಸಬೇಕು.

ಒಂದು ಸೂಕ್ಷ್ಮ ವಿಷಯವನ್ನು ಹೇಳದೆ ಬಿಡಲಾರೆವು. ಮಲಗಿದ ಕೂಸಿನ ಕೊರಳಲ್ಲಿ ದಾರವಿದ್ದರೆ ಅದು ಬಿಗಿದುಕೊಳ್ಳಬಹುದು. ದೃಷ್ಟಿದಾರ, ತಾಯತಗಳನ್ನು ತೆಗೆದಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಶಿವದಾರದ ವಿಷಯ ಬೇರೆ. ಕೊರಳಿಗೆ ತೊಡಕಾಗದಂತೆ ಅದನ್ನು ಧರಿಸುವ ಬಗೆಯನ್ನು ಗುರುಗಳಲ್ಲಿ ಕೇಳಲು ಸಂಕೋಚಪಡಬಾರದು.

ಎರಡರಿಂದ ನಾಲ್ಕು ತಿಂಗಳ ನಡುವೆ ಅಪಾಯ ಹೆಚ್ಚು. ವರ್ಷ ತುಂಬುವವರೆಗೂ ಅಂಗಾತವೇ ಮಲಗಿಸಬೇಕು. ಎರಡೂ ಕಡೆಗೆ ಸರಾಗವಾಗಿ ಹೊರಳಲು ಕಲಿತ ಕೂಸು ನಿದ್ದೆಯಲ್ಲಿ ತಾನಾಗಿ ಮಗ್ಗುಲಾದರೆ ತಿರುಗಿಸಬೇಕಿಲ್ಲ. ಮೊದಲ ಆರು ತಿಂಗಳಾದರೂ ತೊಟ್ಟಿಲು ತಾಯಿಯ ಮಂಚದ ಪಕ್ಕದಲ್ಲಿಯೇ ಇರಲಿ.

ಇನ್ನು ತೊಟ್ಟಿಲ ಶಾಸ್ತ್ರಕ್ಕೆ ಮೆತ್ತನೆಯ ದಿಂಬು, ಗೊಂಬೆ ಒಯ್ಯುವ ಬಂಧುಗಳು ಅದರ ಬದಲು ಎರಡು ಹತ್ತಿಯ ಅಂಗಿಗಳನ್ನು ಒಯ್ಯಬಹುದಲ್ಲವೇ?